ಕೌದಿಯ ಕೋಣೆಯಲ್ಲಿ ಧ್ವನಿಮುದ್ರಣ



ಬಾದಾಮಿಯ ಮೇಣಬಸದಿಗೆ ಹೋದಾಗ ಮೂರನೆಯ ಗುಹೆಯಲ್ಲಿ ನಿಂತು ಮೆಲ್ಲಗೆ ಒಂದು ಪದ ಹಾಡಿದ್ದೀರಾ? ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಮಾಡಿಸಿದ ಆ ಕಲ್ಲಿನ ಮಂಟಪದಲ್ಲಿ ಸಾಧಾರಣ ಕಂಠವೂ ತುಂಬಿಕೊಂಡು ಕೇಳುತ್ತದೆ. ಆದರೆ ಅಲ್ಲಿಯೇ ಮುದ್ರಿಸಿಕೊಂಡು ಮನೆಗೆ ಬಂದು ಕೇಳಿದರೆ ಮಾತುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತವೆ. ಇದೇಕೆ ಹೀಗೆ? ಮನೆಯಲ್ಲಿ ಅಲ್ಪ ಖರ್ಚಿನಲ್ಲಿ ಸ್ಟುಡಿಯೋ ಮಾಡಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಗೋಡೆ 17 ಮೀಟರ್ ದೂರವಿದ್ದರೆ ಹೋಗಿ ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಆಗ ಪ್ರತಿಧ್ವನಿ ಬೇರೆಯಾಗಿ ಕೇಳಿಸುತ್ತದೆ. ಗೋಡೆ ಹತ್ತಿರವಿದ್ದರೆ ಮರಳಿದ ಶಬ್ದ ಮೂಲದನಿಗೇ ಅಂಟಿಕೊಳ್ಳುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ನಮ್ಮ ಎರಡು ಕಿವಿಗಳು ಮಿದುಳಿನ ನೆರವಿನಿಂದ ಹಾಡುವವರ ದನಿಯನ್ನು ಆರಿಸಿಕೊಳ್ಳುತ್ತವೆ. ಮೈಕಿಗೆ ಆ ವಿವೇಕವಿಲ್ಲ, ಬಂದದ್ದನ್ನೆಲ್ಲ ನುಂಗುತ್ತದೆ.

ಇದಕ್ಕೆ ಮದ್ದು ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿಯೇ ಇದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಸೇರಿಸಿ ಹೊಲಿದ ಕೌದಿಗಳನ್ನು ಹಾಡುವವರ ಹಿಂದೆ ಮತ್ತು ಎರಡು ಪಕ್ಕಕ್ಕೆ, ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ತೂಗುಹಾಕಿರಿ. ನೆಲಕ್ಕೆ ಜಮಖಾನ, ಮೂಲೆಗೆ ಸುತ್ತಿಟ್ಟ ಹತ್ತಿಯ ಗಾದಿ. ಬರಿಯ ಇಳಕಲ್ ಸೀರೆಯೊಂದನ್ನು ಕಟ್ಟಿದರೆ ನೋಡಲು ಚೆಂದ, ಪ್ರಯೋಜನ ಅಷ್ಟಕ್ಕಷ್ಟೇ. ಗೋಡೆಗೆ ಮೊಟ್ಟೆಯ ತಟ್ಟೆ ಅಂಟಿಸುವವರೂ ಇದ್ದಾರೆ. ಆ ಶ್ರಮ ಬೇಡ.

ಆದರೆ ಕೌದಿ ಒಳಗಿನ ಶಬ್ದವನ್ನು ಹೀರುತ್ತದೆಯೇ ಹೊರತು ಹೊರಗಿನದನ್ನು ತಡೆಯುವುದಿಲ್ಲ. ತಡೆಯಲು ತೂಕ ಬೇಕು. ಕಲ್ಲು ಮಣ್ಣಿನ ದಪ್ಪಗೋಡೆಯ ಹಳೆಯ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು. ಅವರಿಗೆ ಕಿಟಕಿ, ಬಾಗಿಲಿನ ಸಂದುಗಳನ್ನು ಮುಚ್ಚಿದರೆ ಸಾಕು. ಮಗ್ಗದ ಸದ್ದಿರುವ ಓಣಿಯಲ್ಲಿ, ಬನಶಂಕರಿ ಜಾತ್ರೆಯ ಧ್ವನಿವರ್ಧಕಗಳ ದಿನಗಳಲ್ಲಿ ಯಾವ ಉಪಾಯವೂ ನಡೆಯದು. ರಾತ್ರಿ ಊರು ಮಲಗಿದ ಮೇಲೆ ಕೂಡಿರಿ. ಪಂಕ ನಿಲ್ಲಿಸಲು ಮರೆಯಬೇಡಿ. ನಾನು ಮರೆತು ಒಂದು ಇಡೀ ಸಂಜೆಯ ಭಜನೆಯನ್ನು ಕಳೆದುಕೊಂಡಿದ್ದೇನೆ.

ಉಪಕರಣ? ಮೊದಲಿಗೆ ಕೈಯಲ್ಲಿರುವ ಫೋನೇ ಸಾಕು. ಮುಂದೆ ಹಣ ಕೂಡಿದಾಗ ಒಂದು ಡೈನಾಮಿಕ್ ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಒಂದು ಹೆಡ್‌ಫೋನ್ ಕೊಳ್ಳಿರಿ. ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಕಂಡೆನ್ಸರ್ ಮೈಕು ಹೆಚ್ಚು ಸೂಕ್ಷ್ಮ ನಿಜ, ಸಾಮಾನ್ಯವಾಗಿ ಅದಕ್ಕೆ 48 ವೋಲ್ಟ್ ವಿದ್ಯುತ್ತು ಬೇಕು. ಆದರೆ ಅದು ಪಕ್ಕದ ಮನೆಯ ನಾಯಿಯನ್ನೂ ಅಷ್ಟೇ ಸೂಕ್ಷ್ಮವಾಗಿ ಕೇಳಿಸಿಕೊಳ್ಳುತ್ತದೆ.

ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ‘ಪ’, ‘ಬ’ ಅಕ್ಷರಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ಗೀಗೀ ಪದವಾದರೆ ದಪ್ಪು ಬಾರಿಸುವವರನ್ನು ಹಿಂದಕ್ಕೆ ಕೂಡಿಸಿರಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಅದಕ್ಕಿಂತ ತುಸು ಕಡಿಮೆ. ತಂತ್ರಾಂಶದ ಮಾಪಕದಲ್ಲಿ ಅತಿ ಎತ್ತರದ ದನಿಯೂ ಸೊನ್ನೆಗಿಂತ 12 ಡೆಸಿಬೆಲ್ ಕೆಳಗಿರಲಿ. ಸೊನ್ನೆ ದಾಟಿ ಒಡೆದ ದನಿಯನ್ನು ಮತ್ತೆ ಮೊದಲಿನಂತೆ ಮಾಡಲಾಗದು.

ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ. ಅದರ ಎರಡರಷ್ಟಕ್ಕೂ ಹೆಚ್ಚು ಬಾರಿ, ಅಂದರೆ 44,100 ಬಾರಿ, ಅಳತೆ ತೆಗೆದರೆ ದನಿ ಪೂರ್ತಿ ಸಿಗುತ್ತದೆ. ಒಂದೊಂದು ಅಳತೆಗೆ 2 ಬೈಟ್; ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 5.3 ಮೆಗಾಬೈಟ್. ಲೆಕ್ಕ ನೀವೇ ಮಾಡಿ ನೋಡಿ.

ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹೆಸರಾದರು. ಅವರ ಹಾಡು ಇಂದಿಗೂ ಉಳಿದಿದೆ. ಬೀಸುವಾಗ ಹಾಡಿದ, ಹಂತಿ ಕಟ್ಟಿದಾಗ ಹಾಡಿದ ನಿಮ್ಮ ಓಣಿಯ ಹಿರಿಯರ ಪದಗಳು ಮಾತ್ರ ಅವರ ಬಾಯಲ್ಲಷ್ಟೇ ಇವೆ. ಅವರ ಒಪ್ಪಿಗೆ ಕೇಳಿ, ಮೊದಲ ಹಾಡು ಅವರದೇ ಆಗಲಿ. ಹಾಡಿನ ಆರಂಭದಲ್ಲಿ ಅವರ ಹೆಸರು, ಊರು, ತಾರೀಖನ್ನು ಅವರ ದನಿಯಲ್ಲೇ ಹೇಳಿಸಿ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇರಿಸಿರಿ.