ಗಾಯಗೊಂಡ ಕೋಳಿಮರಿಯ ಆರೈಕೆ

ಆಗತಾನೆ ಮೊಟ್ಟೆಯಿಂದ ಹೊರಬಂದ ಮರಿಯ ತೂಕ ಆ ಮೊಟ್ಟೆಯ ತೂಕದ ಸುಮಾರು ಮೂರನೇ ಎರಡು ಪಾಲು. ನಾಟಿ ಕೋಳಿಯ ಮೊಟ್ಟೆ ಚಿಕ್ಕದು, ಹಾಗಾಗಿ ಅದರ ಮರಿ 30 ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ. ಅದರ ಮೈಯಲ್ಲಿರುವ ಒಟ್ಟು ರಕ್ತ 2ರಿಂದ 3 ಮಿಲಿ ಲೀಟರ್, ಅಂದರೆ ಅರ್ಧ ಚಮಚದಷ್ಟು. ಇಷ್ಟು ಪುಟ್ಟ ಜೀವಕ್ಕೆ ಬೆಕ್ಕಿನ ಹಲ್ಲು ತಾಗಿದರೆ ಇಲ್ಲವೇ ದನದ ಗೊರಸು ತುಳಿದರೆ, ಇನ್ನು ಉಳಿಯುವುದಿಲ್ಲವೆಂದು ಕೈಬಿಡುವವರೇ ಹೆಚ್ಚು. ಹಾಗೆ ಕೈಬಿಟ್ಟ ಎಷ್ಟೋ ಮರಿಗಳು ಉಳಿಯಬಲ್ಲವು. ಬೆಳೆಯುವ ಹಕ್ಕಿಯ ಎಲುಬು ಎರಡು ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಹರಿದ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ. ಆದರೆ ಆರೈಕೆಯನ್ನು ಕ್ರಮ ತಪ್ಪದೆ ಮಾಡಬೇಕು: ಮೊದಲು ರಕ್ತ ನಿಲ್ಲಿಸುವುದು, ಆಮೇಲೆ ಬಿಸುಪು, ನಂತರ ನೀರು, ಆನಂತರ ಗಾಯದ ಶುಚಿ, ಕೊನೆಗೆ ಮೇವು.

ಗಾಯಗಳು ಆಗುವ ಬಗೆ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯಂಥ ಕಡೆ ನಾಟಿ ಕೋಳಿ ಗೂಡಿನಲ್ಲಿ ಕಟ್ಟಿಹಾಕಿ ಸಾಕುವ ಪ್ರಾಣಿಯಲ್ಲ. ಹೇಂಟೆ 21 ದಿನ ಕಾವು ಕೂತು ಮರಿ ಮಾಡುತ್ತದೆ. ಮರುದಿನದಿಂದಲೇ ಮರಿಗಳನ್ನು ಕರೆದುಕೊಂಡು ತಿಪ್ಪೆ, ಕೊಟ್ಟಿಗೆ, ರಾಗಿ ಹೊಲ, ಹಿಪ್ಪುನೇರಳೆ ತೋಟಗಳಲ್ಲಿ ಕೆದಕುತ್ತಾ ಅಲೆಯುತ್ತದೆ. ಹದ್ದು, ಕಾಗೆ, ಮುಂಗುಸಿ, ಬೆಕ್ಕು, ನಾಯಿಗಳ ಕಣ್ಣು ಮರಿಗಳ ಮೇಲೆ ಸದಾ ಇರುತ್ತದೆ. ಈ ಸೀಮೆ ಕಾವೇರಿ ವನ್ಯಧಾಮದ ಅಂಚಿಗೆ ಬರುವುದರಿಂದ ಕಾಡುಬೆಕ್ಕಿನ ಕಾಟವೂ ಉಂಟು. ರಾತ್ರಿ ಹೆಗ್ಗಣ ಕಾಲು ಕಚ್ಚುತ್ತದೆ. ಬೇರೆ ಹೇಂಟೆಯ ಗುಂಪಿಗೆ ಸೇರಿಕೊಂಡ ಮರಿಗೆ ಆ ಹೇಂಟೆಯೇ ತಲೆ ಕುಕ್ಕಿ ಗಾಯ ಮಾಡುತ್ತದೆ.

ರೇಷ್ಮೆ ಬೆಳೆಯುವ ಮನೆಗಳಲ್ಲಿ ಇನ್ನೆರಡು ಅಪಾಯಗಳಿವೆ. ಗೂಡು ಬಿಡಿಸಿದ ಮೇಲೆ ಅಂಗಳದಲ್ಲಿ ಉಳಿಯುವ ನೂಲಿನ ಎಳೆಗಳು ಮರಿಯ ಬೆರಳಿಗೆ ಸುತ್ತಿಕೊಂಡು, ಮರಿ ಬೆಳೆದಂತೆ ಬಿಗಿಯಾಗಿ ರಕ್ತ ಸಂಚಾರವನ್ನೇ ತಡೆಯಬಲ್ಲವು. ಹುಳುಮನೆಯ ಸೋಂಕು ಕಳೆಯಲು ಬಳಸುವ ಫಾರ್ಮಲಿನ್, ಬ್ಲೀಚಿಂಗ್ ಪುಡಿ, ಸುಣ್ಣ ಮರಿಯ ಕಣ್ಣು, ಶ್ವಾಸನಾಳ, ಪಾದಗಳನ್ನು ಸುಡುತ್ತವೆ. ಗಾಯಗೊಂಡ ಮರಿಯನ್ನು ಇಂಥ ಕೋಣೆಯಲ್ಲಿ ಇಡಲೇಬಾರದು.

ಹಿಡಿಯುವುದು, ರಕ್ತ ನಿಲ್ಲಿಸುವುದು

ಹಕ್ಕಿಗೆ ಮನುಷ್ಯನಿಗಿರುವಂಥ ವಪೆ ಇಲ್ಲ. ಎದೆಯೆಲುಬು ಮುಂದಕ್ಕೆ ಹಿಂದಕ್ಕೆ ಆಡಿದರೆ ಮಾತ್ರ ಅದು ಉಸಿರಾಡಬಲ್ಲದು. ಭಯದಿಂದ ಒದ್ದಾಡುವ ಮರಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದರೆ, ಗಾಯ ಕೊಲ್ಲದಿದ್ದರೂ ಆ ಹಿಡಿತ ಉಸಿರುಗಟ್ಟಿಸಿ ಕೊಲ್ಲುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಎದೆಯ ಮೇಲೆ ಒತ್ತಡ ಬೀಳದಂತೆ ಅಂಗೈ ಮೇಲೆ ಕೂರಿಸಿಕೊಳ್ಳಬೇಕು. ತಲೆಗೆ ಬಟ್ಟೆಯ ಮರೆ ಮಾಡಿದರೆ ಬಹುತೇಕ ಮರಿಗಳು ಶಾಂತವಾಗುತ್ತವೆ.

ರಕ್ತ ಬರುತ್ತಿದ್ದರೆ ಒಗೆದ ಹತ್ತಿಬಟ್ಟೆಯಿಂದ ಕೆಲವು ನಿಮಿಷ ಬಿಡದೆ ಮೆಲ್ಲಗೆ ಅದುಮಬೇಕು. ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟುತ್ತಿರುವ ರಕ್ತ ಮತ್ತೆ ಒಸರುತ್ತದೆ. ಮುರಿದ ಉಗುರಿನ ತುದಿಗೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಬಹುದು. ತೆರೆದ ಗಾಯಕ್ಕೆ ಹಿಟ್ಟು ತುಂಬಬಾರದು. ಕೆಲವರು ಹಾಕುವ ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ಪುಡಿ ಮೂರೂ ಕೆಡುಕು. ಹೊಗೆಸೊಪ್ಪಿನ ನಿಕೋಟಿನ್ ಗಾಯದ ಮೂಲಕ ಮೈಗೆ ಸೇರಿ ವಿಷವಾಗುತ್ತದೆ.

ಬಿಸುಪು

ಬೆಳೆದ ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಮರಿಗೆ ಆ ಬಿಸಿಯನ್ನು ಸ್ವಂತ ಶಕ್ತಿಯಿಂದ ಕಾಯ್ದುಕೊಳ್ಳಲು ಮೊದಲ ಎರಡು ಮೂರು ವಾರ ಆಗದು; ಹೇಂಟೆಯ ರೆಕ್ಕೆಯಡಿಯ ಕಾವೇ ಅದಕ್ಕೆ ಆಧಾರ. ಗಾಯಗೊಂಡು ರಕ್ತ ಕಳೆದುಕೊಂಡ ಮರಿ ಇನ್ನೂ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಮರಿ ನೀರು ಕುಡಿಯುವುದಿಲ್ಲ, ತಿಂದದ್ದನ್ನು ಅರಗಿಸಿಕೊಳ್ಳುವುದಿಲ್ಲ. ಗಾಯ ಚಿಕ್ಕದಾದರೂ ಅನೇಕ ಮರಿಗಳು ರಾತ್ರಿ ಕಳೆಯುವಷ್ಟರಲ್ಲಿ ಸಾಯಲು ಇದೇ ಕಾರಣ.

ಒಂದು ವಾರದೊಳಗಿನ ಮರಿಗೆ 32ರಿಂದ 35 ಡಿಗ್ರಿ ಬಿಸುಪು ಬೇಕು. ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಹೋಗಬಹುದು. ರಟ್ಟಿನ ಪೆಟ್ಟಿಗೆ ಅಥವಾ ಬಿದಿರಿನ ಮಂಕರಿಯ ಒಂದು ಬದಿಗೆ 40 ವಾಟ್‌ನ ಹಳೆಯ ಬಗೆಯ ತಂತಿ ಬಲ್ಬು ತೂಗುಹಾಕಿದರೆ ಸಾಕು; ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಬಲ್ಬು ಬಟ್ಟೆಗೂ ಬಿದಿರಿಗೂ ತಾಗದಂತೆ ಎಚ್ಚರ ವಹಿಸಬೇಕು. ಕರೆಂಟು ಹೋದಾಗ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಒಲೆಯ ಬಳಿ ಇಟ್ಟರೆ ಹೊಗೆಯಿಂದ ಶ್ವಾಸಕ್ಕೆ ತೊಂದರೆ. ಪೆಟ್ಟಿಗೆಯ ಇನ್ನೊಂದು ಬದಿ ತಂಪಾಗಿರಬೇಕು, ಆಗ ಮರಿ ತನಗೆ ಬೇಕಾದ ಕಡೆಗೆ ಸರಿದುಕೊಳ್ಳುತ್ತದೆ. ಸರಿಯಲಾರದಷ್ಟು ನಿತ್ರಾಣವಾಗಿದ್ದರೆ ಬಿಸುಪನ್ನು ನೋಡಿಕೊಳ್ಳುವವರೇ ಹದಗೊಳಿಸಬೇಕು. ಮರಿ ಮುದುಡಿಕೊಂಡು ಎಡೆಬಿಡದೆ ಚಿಂವ್‌ಗುಟ್ಟಿದರೆ ಚಳಿಯಾಗಿದೆ ಎಂದರ್ಥ. ಕೊಕ್ಕು ತೆರೆದು ಏದುಸಿರು ಬಿಟ್ಟು ರೆಕ್ಕೆ ಅಗಲಿಸಿದರೆ ಸೆಕೆ ಹೆಚ್ಚಾಗಿದೆ.

ಹಾಸಿಗೆಗೆ ಒರಟು ಬಟ್ಟೆ ಅಥವಾ ಶುಚಿಯಾದ ಗೋಣಿಚೀಲದ ತುಂಡು ಒಳ್ಳೆಯದು. ಅಂಚಿನ ಸಡಿಲ ಎಳೆಗಳನ್ನು ಮೊದಲೇ ಕತ್ತರಿಸಿಬಿಡಬೇಕು. ವೃತ್ತಪತ್ರಿಕೆ ಜಾರುತ್ತದೆ, ಅದರ ಮೇಲೆ ನಿಂತ ಎಳೆಮರಿಯ ಕಾಲುಗಳು ಅಗಲಿ ಸೋತುಹೋಗುತ್ತವೆ.

ನೀರು

ಮೈ ಬೆಚ್ಚಗಾಗಿ ಮರಿ ತಲೆಯೆತ್ತಿದ ಮೇಲೆ ನೀರು ಕೊಡಬೇಕು. ಕುದಿಸಿ ಉಗುರುಬೆಚ್ಚಗೆ ಆರಿಸಿದ ಒಂದು ಲೋಟ ನೀರಿಗೆ ಒಂದು ಚಮಚ ಬೆಲ್ಲ ಕರಗಿಸಿ, ಮೊದಲ ಕೆಲವು ಗಂಟೆ ಮಾತ್ರ ಕೊಟ್ಟರೆ ಕಸುವು ಬರುತ್ತದೆ. ಆಮೇಲೆ ಬರೀ ನೀರು ಸಾಕು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುವುದರಿಂದ, ಕೊಕ್ಕು ಬಿಡಿಸಿ ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿ, ಮರಿ ತಾನಾಗಿ ನುಂಗುವವರೆಗೆ ಕಾಯಬೇಕು. ಕುಡಿಯಲು ಇಡುವ ತಟ್ಟೆ ಆಳವಿರಬಾರದು. ಒಳಗೆ ನಾಲ್ಕು ಬೆಣಚುಕಲ್ಲು ಹಾಕಿದರೆ ಮರಿ ಮುಗ್ಗರಿಸಿ ಮುಳುಗುವುದಿಲ್ಲ.

ಗಾಯದ ಶುಚಿ

ಅರ್ಧ ಲೀಟರ್ ಕುದಿಸಿದ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು ಬೆರೆಸಿ ಆರಿಸಿದರೆ ಗಾಯ ತೊಳೆಯುವ ನೀರು ಸಿದ್ಧ. ಸೂಜಿಯಿಲ್ಲದ ಸಿರಿಂಜಿನಿಂದ ಇದನ್ನು ಹನಿಸಿ ಮಣ್ಣು, ರಕ್ತ, ಅಂಟಿದ ತುಪ್ಪುಳು ತೆಗೆಯಬೇಕು. ಪೋವಿಡೋನ್ ಅಯೋಡಿನ್ ದ್ರಾವಣವನ್ನು ಹಾಲಿಲ್ಲದ ತಿಳಿ ಟೀ ಬಣ್ಣಕ್ಕೆ ಬರುವಷ್ಟು ನೀರು ಸೇರಿಸಿ ಹಚ್ಚಬಹುದು. ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮವನ್ನೂ ಸುಡುವುದರಿಂದ ಬೇಡ. ತೊಳೆದ ಕೂಡಲೇ ಸುತ್ತಲಿನ ತುಪ್ಪುಳು ಒಣಗಿಸಬೇಕು, ಏಕೆಂದರೆ ಒದ್ದೆ ಮರಿ ಮತ್ತೆ ಚಳಿಗೆ ಸಿಕ್ಕುತ್ತದೆ.

ಅರಿಶಿನ ಹಚ್ಚುವುದು ಮನೆಮನೆಯ ರೂಢಿ. ಮೇಲ್ಮೈಯ ತರಚುಗಾಯಕ್ಕೆ ತೆಳುವಾಗಿ ಹಚ್ಚಬಹುದು. ಆಳವಾದ ಗಾಯಕ್ಕೆ ದಪ್ಪವಾಗಿ ಮೆತ್ತಿದರೆ ಒಳಗೇ ಕೀವು ಕಟ್ಟಿಕೊಳ್ಳುತ್ತದೆ. ಎಣ್ಣೆ, ತುಪ್ಪದಲ್ಲಿ ಕಲಸಿದರೆ ತುಪ್ಪುಳು ಅಂಟಿ, ಮೈಬಿಸಿ ಹಿಡಿದಿಡುವ ಗುಣ ಹೋಗುತ್ತದೆ. ಮನುಷ್ಯರ ನೋವಿನ ಮಾತ್ರೆ ಕೊಡಬಾರದು, ಮರಗಟ್ಟಿಸುವ ಔಷಧಿ ಇರುವ ಮುಲಾಮನ್ನು ಹಚ್ಚಬಾರದು.

ನೊಣ ಇನ್ನೊಂದು ದೊಡ್ಡ ಶತ್ರು. ಬೆಚ್ಚನೆಯ ದಿನಗಳಲ್ಲಿ ಗಾಯದ ಮೇಲೆ ಇಟ್ಟ ಮೊಟ್ಟೆಗಳು ಒಂದೇ ದಿನದಲ್ಲಿ ಹುಳುವಾಗಬಲ್ಲವು. ಪೆಟ್ಟಿಗೆಯ ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿ, ದಿನಕ್ಕೆರಡು ಬಾರಿ ಗಾಯ ನೋಡಬೇಕು.

ಕಾಲು ಮತ್ತು ರೆಕ್ಕೆ

ಕಾಲು ಕುಂಟುತ್ತಿದ್ದರೆ ಮೊದಲು ಬೆರಳುಗಳಿಗೆ ನೂಲು, ಕೂದಲು ಸುತ್ತಿದೆಯೇ ನೋಡಬೇಕು. ಇದ್ದರೆ ಬೆಚ್ಚನೆ ನೀರಿನಲ್ಲಿ ನೆನೆಸಿ, ಸಣ್ಣ ಕತ್ತರಿಯಿಂದ ಚರ್ಮಕ್ಕೆ ತಾಗದಂತೆ ಬಿಡಿಸಬೇಕು.

ಹರಡಿನ ಕೆಳಗಿನ ಎಲುಬು ಮುರಿದು ಚರ್ಮ ಹರಿಯದಿದ್ದರೆ ಮನೆಯಲ್ಲೇ ಪಟ್ಟು ಕಟ್ಟಬಹುದು. ಕಾಲಿಗೆ ತೆಳುವಾಗಿ ಹತ್ತಿ ಸುತ್ತಿ, ಉದ್ದಕ್ಕೆ ಸೀಳಿದ ಸ್ಟ್ರಾ ತುಂಡನ್ನು ಆಸರೆಯಾಗಿಟ್ಟು, ಕಾಗದದ ಅಂಟುಪಟ್ಟಿಯಿಂದ ಸಡಿಲವಾಗಿ ಸುತ್ತಬೇಕು. ಬೆರಳು ಊದಿಕೊಂಡರೆ ಇಲ್ಲವೇ ತಣ್ಣಗಾದರೆ ಪಟ್ಟು ಬಿಗಿಯಾಗಿದೆ, ತಕ್ಷಣ ಬಿಚ್ಚಬೇಕು. ಮರಿ ದಿನದಿನಕ್ಕೂ ಬೆಳೆಯುವುದರಿಂದ ಮೂರು ನಾಲ್ಕು ದಿನಕ್ಕೊಮ್ಮೆ ಹೊಸದಾಗಿ ಕಟ್ಟಬೇಕು. ತೊಡೆಯ ಎಲುಬಿಗೆ ಹೀಗೆ ಪಟ್ಟು ನಿಲ್ಲುವುದಿಲ್ಲ. ಅದಕ್ಕೆ ಇಕ್ಕಟ್ಟಾದ ಜಾಗದಲ್ಲಿ ವಿಶ್ರಾಂತಿ ಮತ್ತು ವೈದ್ಯರ ಸಲಹೆ ಬೇಕು. ಜೋತುಬಿದ್ದ ರೆಕ್ಕೆಯನ್ನು ಸಹಜವಾಗಿ ಮಡಚಿಕೊಳ್ಳುವ ಭಂಗಿಯಲ್ಲೇ ಮೈಗೆ ಸೇರಿಸಿ ಮೆತ್ತನೆ ಪಟ್ಟಿ ಸುತ್ತಬಹುದು, ಎದೆಯ ಆಟಕ್ಕೆ ಮಾತ್ರ ಅಡ್ಡಿಯಾಗಬಾರದು.

ಎರಡೂ ಕಾಲು ಅಕ್ಕಪಕ್ಕಕ್ಕೆ ಅಗಲಿಹೋದ ಎಳೆಮರಿಗೆ ಮೊದಲ ದಿನಗಳಲ್ಲೇ ಚಿಕಿತ್ಸೆ ಮಾಡಿದರೆ ಗುಣವಾಗುತ್ತದೆ. ಸಹಜವಾಗಿ ನಿಂತಾಗ ಇರುವಷ್ಟು ಅಂತರ ಬಿಟ್ಟು, ಎರಡು ಕಾಲನ್ನೂ ಮೆತ್ತನೆ ಪಟ್ಟಿಯಿಂದ ಜೋಡಿಸಿ ಕೆಲವು ದಿನ ಇಡಬೇಕು.

ಎಲ್ಲ ಕುಂಟೂ ಗಾಯದಿಂದ ಬಂದದ್ದಲ್ಲ. ಬೆರಳು ಒಳಕ್ಕೆ ಸುರುಟಿಕೊಳ್ಳುವುದು ಬಿ2 ಜೀವಸತ್ವದ ಕೊರತೆಯ ಗುರುತು. ಕತ್ತು ತಿರುಚಿ, ಉಸಿರಾಟ ಕಷ್ಟವಾಗಿ, ಹಸಿರು ಭೇದಿ ಕಂಡರೆ ಅದು ಕೊಕ್ಕರೆ ರೋಗ ಇರಬಹುದು. ಅಂಥ ಮರಿಯನ್ನು ಕೂಡಲೇ ಮಂದೆಯಿಂದ ದೂರ ಇಡಬೇಕು.

ಮೇವು

ಮೊಟ್ಟೆಯೊಡೆಯುವ ಮುನ್ನ ಮರಿಯ ಹೊಟ್ಟೆಯೊಳಗೆ ಸೇರುವ ಹಳದಿ ಲೋಳೆ ಎರಡು ಮೂರು ದಿನದ ಆಹಾರ. ಹಾಗಾಗಿ ಹೊಸ ಮರಿ ಮೊದಲ ದಿನ ತಿನ್ನದಿದ್ದರೆ ಗಾಬರಿಯಿಲ್ಲ. ಆಮೇಲೆ ಗಾಯ ತುಂಬಲು ಪ್ರೋಟೀನ್ ಬೇಕು. ರಾಗಿಯಲ್ಲಿ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಅಕ್ಕಿಗಿಂತ ಹಲವು ಪಟ್ಟು ಇದೆ, ಆದರೆ ಪ್ರೋಟೀನ್ ಮರಿಗೆ ಸಾಲದು. ಅಂಗಡಿಯ ಚಿಕ್ ಸ್ಟಾರ್ಟರ್ ಮೇವು ಉತ್ತಮ. ಅದು ಸಿಗದಿದ್ದರೆ ಬೇಯಿಸಿದ ಮೊಟ್ಟೆಯನ್ನು ನುಣ್ಣಗೆ ಕಿವುಚಿ, ರಾಗಿ ಅಥವಾ ಅಕ್ಕಿಯ ನುಚ್ಚಿನ ಜೊತೆ ಸ್ವಲ್ಪ ಸ್ವಲ್ಪವೇ ಹಲವು ಬಾರಿ ಕೊಡಬಹುದು. ಉಳಿದದ್ದನ್ನು ಹಳಸುವ ಮೊದಲೇ ತೆಗೆಯಬೇಕು.

ವೈದ್ಯರ ನೆರವು

ಬೆಕ್ಕು ಕಚ್ಚಿದ ಗಾಯ ನೋಡಲು ಸೂಜಿಮೊನೆಯಷ್ಟಿದ್ದರೂ ಅದರ ಬಾಯಿಯ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಒಂದೆರಡು ದಿನದಲ್ಲಿ ಮರಿಯನ್ನು ಕೊಲ್ಲಬಲ್ಲದು. ಇದಕ್ಕೆ ವೈದ್ಯರು ತೂಕ ನೋಡಿ ಕೊಡುವ ಪ್ರತಿಜೈವಿಕ ಔಷಧಿಯೇ ಬೇಕು. ಕತ್ತಿನ ಬುಡದ ಮೇವಿನ ಚೀಲ ಹರಿದು ತಿಂದದ್ದು ಹೊರಬಂದರೆ, ಚರ್ಮದಡಿ ಗಾಳಿ ತುಂಬಿ ಮೈ ಉಬ್ಬಿದರೆ, ಎಲುಬು ಚರ್ಮ ಸೀಳಿ ಹೊರಬಂದರೆ ತಡಮಾಡಬಾರದು. ರೆಕ್ಕೆಯ ಬುಡದ ಎಲುಬು ಗಾಳಿಚೀಲಕ್ಕೆ ಕೂಡಿಕೊಂಡಿರುತ್ತದೆ. ಅಲ್ಲಿ ತೆರೆದ ಗಾಯವಿದ್ದರೆ ನೀರು ಸುರಿಯಲೂಬಾರದು. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸಂಚಾರಿ ಪಶುಚಿಕಿತ್ಸಾ ಸೇವೆಯ ಸಹಾಯವಾಣಿ 1962. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಉಳಿಸಲಾಗದ ಮರಿ ನರಳುತ್ತಿದ್ದರೆ ಅದಕ್ಕೆ ನೋವಿಲ್ಲದ ಮುಕ್ತಿ ಕೊಡುವುದೂ ವೈದ್ಯರಿಂದ ಸಾಧ್ಯ, ಅದೂ ಕರುಣೆಯ ಕೆಲಸವೇ.

ಮರಿಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಇರಬಹುದಾದ್ದರಿಂದ ಮುಟ್ಟಿದ ಪ್ರತಿ ಸಲ ಸೋಪಿನಿಂದ ಕೈ ತೊಳೆಯಬೇಕು, ಮಕ್ಕಳಿಗೂ ಕಲಿಸಬೇಕು. ಹಲವು ಕೋಳಿಗಳು ಒಮ್ಮೆಗೇ ಸಾಯುತ್ತಿದ್ದರೆ ಅವನ್ನು ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು.

ಮತ್ತೆ ಗುಂಪಿಗೆ

ಕೆಂಪು ಕಂಡಲ್ಲಿ ಕುಕ್ಕುವುದು ಮರಿಗಳ ಸ್ವಭಾವ. ಒಡಹುಟ್ಟಿದವೇ ಗಾಯವನ್ನು ಕೆದಕಿ ದೊಡ್ಡದು ಮಾಡುತ್ತವೆ. ಗಾಯ ಒಣಗಿ ಹೊಸ ಚರ್ಮ ಬರುವವರೆಗೆ ಮರಿಯನ್ನು ಬೇರೆಯೇ ಇಡಬೇಕು. ಆದರೆ ಒಂಟಿ ಮರಿ ಕೊರಗುತ್ತದೆ, ಮೇವು ಬಿಡುತ್ತದೆ. ಹೇಂಟೆಯ ಕರೆ ಕೇಳುವಷ್ಟು ಹತ್ತಿರದಲ್ಲಿ, ನಡುವೆ ಜಾಲರಿಯಿಟ್ಟು ಸಾಕಿದರೆ ಬಾಂಧವ್ಯ ಉಳಿಯುತ್ತದೆ. ಬಹಳ ದಿನ ದೂರವಿದ್ದ ಮರಿಯನ್ನು ಹೇಂಟೆ ಅನ್ಯವೆಂದು ಕುಕ್ಕಬಹುದು. ಕತ್ತಲಾದ ಮೇಲೆ ರೆಕ್ಕೆಯಡಿ ಮೆಲ್ಲಗೆ ಸೇರಿಸಿ, ಬೆಳಗಿನ ಮೊದಲ ಗಂಟೆ ಕಾವಲಿದ್ದು ನೋಡಬೇಕು. ಒಪ್ಪದಿದ್ದರೆ ಮೈತುಂಬ ಗರಿ ಬರುವವರೆಗೆ ಬೇರೆಯೇ ಬೆಳೆಸುವುದು ಲೇಸು.

ಕೊಕ್ಕರೆ ರೋಗಕ್ಕೆ ಎಫ್‌1 ಲಸಿಕೆಯನ್ನು 5ರಿಂದ 7ನೇ ದಿನದೊಳಗೆ ಕಣ್ಣು ಅಥವಾ ಮೂಗಿಗೆ ಹನಿಸುತ್ತಾರೆ. ಲಸಿಕೆ ಆರೋಗ್ಯವಂತ ಹಕ್ಕಿಗೆ ಮಾತ್ರ ಕೊಡುವುದು, ಹಾಗಾಗಿ ಬಳಲಿದ ಮರಿಗೆ ಚೇತರಿಸಿಕೊಂಡ ಮೇಲೆ ವೈದ್ಯರನ್ನು ಕೇಳಿ ಹಾಕಿಸಬೇಕು. ಚಿಕಿತ್ಸೆಯ ನಂತರವೂ ಕಾಲಿನಲ್ಲಿ ಸ್ವಲ್ಪ ಕುಂಟು ಉಳಿಯಬಹುದು. ಕೂರುವ ಕಟ್ಟೆ ತಗ್ಗಾಗಿದ್ದು, ಮೇವು ನೀರು ಕೈಗೆಟುಕುವಂತಿದ್ದರೆ ಅಂಥ ಮರಿಯೂ ಬೆಳೆದು ಮೊಟ್ಟೆಯಿಡುತ್ತದೆ, ಕಾವು ಕೂತು ಮರಿ ಮಾಡುತ್ತದೆ.