ಗುಲಾಶ್: ಗಡಿ ದಾಟಿ ಗಟ್ಟಿಯಾದ ಪದ

ಆಸ್ಟ್ರಿಯ, ಜರ್ಮನಿ ಮೊದಲಾದ ದೇಶಗಳಲ್ಲಿ ‘ಗುಲಾಶ್’ ಎಂಬ ಹೆಸರು ಮಾಂಸವನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿ ಮಾಡಿದ ಗಟ್ಟಿಯಾದ ಸ್ಟ್ಯೂಗೆ ಸಲ್ಲುತ್ತದೆಯಾದರೂ, ಈ ಪದದ ತವರಾದ ಹಂಗೇರಿಯಲ್ಲಿ ‘ಗುಯಾಶ್’ ಎಂದು ಉಚ್ಚರಿಸುವ ಅದೇ ಮಾತು ಚಮಚದಲ್ಲಿ ಕುಡಿಯುವಷ್ಟು ತೆಳ್ಳನೆಯ ಸಾರನ್ನು ಸೂಚಿಸುತ್ತದೆ. ಸಾರಿಗೂ ಗೊಜ್ಜಿಗೂ ಇರುವ ಅಂತರವನ್ನು ಬಲ್ಲ ಕನ್ನಡಿಗರಿಗೆ ಇದು ಸಣ್ಣ ವ್ಯತ್ಯಾಸವೆನಿಸದು.

ಹಂಗೇರಿಯನ್ ಭಾಷೆಯಲ್ಲಿ ‘ಗುಯಾ’ ಎಂದರೆ ದನಗಳ ಹಿಂಡು, ‘ಗುಯಾಶ್’ ಎಂದರೆ ದನ ಕಾಯುವವನು. ಬಯಲಿನಲ್ಲಿ ದನಗಾಹಿಗಳು ‘ಬೊಗ್ರಾಚ್’ ಎಂಬ ಲೋಹದ ಕೊಳಗವನ್ನು ಬೆಂಕಿಯ ಮೇಲೆ ತೂಗುಹಾಕಿ ಬೇಯಿಸುತ್ತಿದ್ದ ‘ದನಗಾಹಿಯ ಮಾಂಸ’ದ ಹೆಸರೇ ಕ್ರಮೇಣ ಮೊಟಕಾಗಿ, ಅಡುಗೆಯವನ ಹೆಸರು ಅಡುಗೆಗೇ ನಿಂತಿತು. 18ನೆಯ ಶತಮಾನದ ಕೊನೆಯಲ್ಲಿ ಹ್ಯಾಬ್ಸ್‌ಬರ್ಗ್ ದೊರೆ ಎರಡನೆಯ ಜೋಸೆಫ್ ಜರ್ಮನ್ ಭಾಷೆಯನ್ನು ಆಡಳಿತದಲ್ಲಿ ಹೇರಿದಾಗ, ಹಂಗೇರಿಯ ಶ್ರೀಮಂತರು ತಮ್ಮತನದ ಗುರುತಾಗಿ ಈ ದನಗಾಹಿಗಳ ಊಟವನ್ನು ತಮ್ಮ ಮನೆಗಳಿಗೆ ಬರಮಾಡಿಕೊಂಡದ್ದು ಆ ಪದದ ಚರಿತ್ರೆಯಲ್ಲಿ ಬಹು ಮುಖ್ಯವಾದ ತಿರುವು.

ಹೊರಗಿನವರು ಗುಲಾಶ್ ಎನ್ನುವ ಗಟ್ಟಿ ಪದಾರ್ಥಕ್ಕೆ ಹಂಗೇರಿಯಲ್ಲಿ ‘ಪೊರ್ಕೊಲ್ಟ್’ ಎಂಬ ಬೇರೆಯೇ ಹೆಸರಿದ್ದು, ಹುರಿದದ್ದು ಎಂಬುದು ಅದರ ಅರ್ಥ. ಎರಡಕ್ಕೂ ಆರಂಭ ಒಂದೇ: ಹಂದಿಯ ಕೊಬ್ಬಿನಲ್ಲಿ ಈರುಳ್ಳಿಯನ್ನು ಬಾಡಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿ ಪಾಪ್ರಿಕ, ಅಂದರೆ ಕೆಂಪು ಮೆಣಸಿನ ಪುಡಿಯನ್ನು ಬೆರೆಸುತ್ತಾರೆ, ಉರಿಯ ಮೇಲೆಯೇ ಹಾಕಿದರೆ ಪುಡಿಯಲ್ಲಿರುವ ಸಕ್ಕರೆಯ ಅಂಶ ಸೀದು ಕಹಿಯಾಗುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯಂತೆ ಪಾಪ್ರಿಕವನ್ನೂ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ ನೆಚ್ಚುವುದುಂಟು. ಮುಂದೆ ನೀರಿನ ಅಳತೆಯಲ್ಲಿ ದಾರಿಗಳು ಬೇರೆಯಾಗುತ್ತವೆ: ಪೊರ್ಕೊಲ್ಟ್‌ನಲ್ಲಿ ಮಾಂಸವು ಬಹುಮಟ್ಟಿಗೆ ತನ್ನ ರಸದಲ್ಲಿಯೇ ಬೇಯುವಂತೆ ಅಷ್ಟಿಷ್ಟೇ ನೀರು ಚಿಮುಕಿಸಿದರೆ, ಗುಯಾಶ್‌ಗೆ ಧಾರಾಳವಾಗಿ ನೀರು ಹೊಯ್ದು, ಆಲೂಗಡ್ಡೆಯನ್ನೂ ಹಲವೊಮ್ಮೆ ‘ಚಿಪೆಟ್ಕೆ’ ಎಂಬ, ಬೆರಳಿನಿಂದ ಚಿವುಟಿ ಹಾಕಿದ ಹಿಟ್ಟಿನ ತುಣುಕುಗಳನ್ನೂ ಸೇರಿಸುತ್ತಾರೆ.

ಪದ ರಾಜಕೀಯಕ್ಕೂ ಹಬ್ಬಿತು. ಹಂಗೇರಿಯಲ್ಲಿ 1956ರ ದಂಗೆಯ ನಂತರ ಅಧಿಕಾರ ಹಿಡಿದ ಯಾನೋಶ್ ಕಾದಾರ್ ಕಾಲದ ತುಸು ಸಡಿಲವಾದ ಆಳ್ವಿಕೆಗೆ ‘ಗುಲಾಶ್ ಕಮ್ಯುನಿಸಂ’ ಎಂಬ ಹೆಸರು ಬಿದ್ದಿತು.

ಹೊರನಾಡಿನ ಬಳಕೆಯನ್ನು ತಪ್ಪೆಂದು ತಳ್ಳಿಹಾಕುವುದು ಸಲ್ಲದು, ಏಕೆಂದರೆ ವಿಯೆನ್ನಾದ ಗಟ್ಟಿ ಗುಲಾಶ್‌ಗೂ ತನ್ನದೇ ಆದ ಪರಂಪರೆಯಿದೆ. ಆದರೆ ಬುಡಾಪೆಸ್ಟ್‌ನಲ್ಲಿ ಸ್ಟ್ಯೂ ಬಯಸುವವರು ಪೊರ್ಕೊಲ್ಟ್ ಎಂದೇ ಕೇಳಬೇಕು.