ಮೊಲದ ಬಿಲ ಕಲಿಸುವ ಪಾಠ



ಕಳೆದ ಜುಮಾ ಖುತ್ಬಾದಲ್ಲಿ ನಾವು ಮೊಲದ ಬಿಲದ ಮಾತೆತ್ತಿದಾಗ ಕೆಲವರಿಗೆ ಆಶ್ಚರ್ಯವಾಯಿತು. ಅದಕ್ಕೆ ಕಾರಣವಿತ್ತು. ನಮ್ಮ ಮೊಹಲ್ಲಾದ ಒಂದು ಮನೆಯಲ್ಲಿ ಮಕ್ಕಳಿಗೆಂದು ಸಾಕಿದ್ದ ಬಿಳಿ ಮೊಲ ಅಂಗಳದ ಮೂಲೆಯಲ್ಲಿ ಬಿಲ ತೋಡಿ ಮರಿ ಹಾಕಿತ್ತು. ಇಡೀ ದಿನ ತಾಯಿ ಮೊಲ ಅತ್ತ ಸುಳಿಯಲಿಲ್ಲ. ಮರಿಗಳನ್ನು ಬಿಟ್ಟೇಬಿಟ್ಟಿತು ಎಂದುಕೊಂಡ ಮನೆಯವರು ಬಿಲ ಅಗೆದು, ಮರಿಗಳನ್ನು ಹೊರತೆಗೆದು ಹಸುವಿನ ಹಾಲು ಕುಡಿಸಿದರು. ಎರಡೇ ದಿನದಲ್ಲಿ ಮರಿಗಳೆಲ್ಲ ಸತ್ತವು. ಮನೆಯ ಮಗು ನಮ್ಮ ಬಳಿ ಬಂದು, "ಹಜ್ರತ್, ತಾಯಿ ಯಾಕೆ ಬಿಟ್ಟುಹೋಯಿತು?" ಎಂದು ಕೇಳಿತು.

ತಾಯಿ ಬಿಟ್ಟುಹೋಗಿರಲಿಲ್ಲ.

ನಮ್ಮ ಹೊಲಗಳ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ತಗ್ಗು ಮಾಡಿಕೊಂಡು ಮಲಗುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಆದರೆ ಮನೆಗಳಲ್ಲಿ ಸಾಕುವ ಮೊಲ ಬೇರೆ ಜಾತಿ. ಅದರ ಮೂಲ ಸ್ಪೇನ್ ಮತ್ತು ಪೋರ್ಚುಗಲ್, ಅಂದರೆ ಒಂದು ಕಾಲದ ಅಂದಲೂಸ್. ಅದರ ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಕಣ್ಣು ತೆರೆಯಲು ಸುಮಾರು 10 ದಿನ ಬೇಕು. ಓಡಲಾರದ ಇಂಥ ಮರಿಗಳಿಗೆ ಬಿಲವೇ ರಕ್ಷಣೆ. ಬಿಸಿಲಾಗಲಿ ಚಳಿಯಾಗಲಿ, ಮಣ್ಣಿನೊಳಗೆ ಅಷ್ಟಾಗಿ ತಟ್ಟುವುದಿಲ್ಲ.

ಮುಂಗಾಲುಗಳಿಂದ ಮಣ್ಣು ಕೆದರಿ, ಹಿಂಗಾಲುಗಳಿಂದ ಅದನ್ನು ಹಿಂದಕ್ಕೆ ಒದೆಯುತ್ತಾ ಮೊಲ ಬಿಲ ತೋಡುತ್ತದೆ. ಕಾಡಿನಲ್ಲಿ ಒಂದು ಗುಂಪಿನ ಬಿಲಕ್ಕೆ ಹಲವು ಬಾಯಿಗಳಿರುತ್ತವೆ. ಒಂದು ಕಡೆಯಿಂದ ನರಿ ಬಂದರೆ ಇನ್ನೊಂದು ಕಡೆಯಿಂದ ಪಾರಾಗಬಹುದು. ಗರ್ಭ ಧರಿಸಿ ಸುಮಾರು 30 ದಿನಕ್ಕೆ ಮರಿ ಹಾಕುವ ತಾಯಿ, ಅದಕ್ಕೆ ಮೊದಲೇ ಒಣಹುಲ್ಲು ತಂದು ಹಾಸುತ್ತದೆ. ತನ್ನ ಹೊಟ್ಟೆಯ ಕೂದಲನ್ನೇ ಕಿತ್ತು ಮರಿಗಳಿಗೆ ಹೊದಿಕೆ ಮಾಡುತ್ತದೆ. ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ ಬಂದು, ಕೆಲವೇ ನಿಮಿಷ ಹಾಲುಣಿಸಿ, ಬಿಲದ ಬಾಯಿಗೆ ಮಣ್ಣು ಮುಚ್ಚಿ ದೂರ ಹೋಗುತ್ತದೆ. ಪದೇ ಪದೇ ಬಂದರೆ ಶತ್ರುಗಳಿಗೆ ಸುಳಿವು ಸಿಗುತ್ತದೆ. ದೂರವಿರುವುದೇ ಅದರ ಕಾವಲು. ಆದ್ದರಿಂದ ಮರಿಗಳ ಮೈ ಬೆಚ್ಚಗಿದ್ದು ಹೊಟ್ಟೆ ದುಂಡಗಿದ್ದರೆ ತಾಯಿ ಬಂದು ಹೋಗಿದೆ ಎಂದೇ ತಿಳಿಯಬೇಕು.

ಹಕ್ಕಿಯೊಂದರ ಮರಿಗಳನ್ನು ಎತ್ತಿಕೊಂಡವರಿಗೆ, ಅವನ್ನು ತಾಯಿಗೆ ಹಿಂದಿರುಗಿಸುವಂತೆ ಪ್ರವಾದಿ(ಸ) ಆಜ್ಞಾಪಿಸಿದರು. ಬಿಲಗಳಲ್ಲಿ ಮೂತ್ರ ಮಾಡುವುದನ್ನೂ ಅವರು ತಡೆದರು. ಎರಡೂ ಹದೀಸ್‌ಗಳು ಅಬೂದಾವೂದ್‌ನಲ್ಲಿವೆ.

ಆ ಮನೆಯವರದು ಕ್ರೌರ್ಯವಲ್ಲ, ಕನಿಕರವೇ. ಆದರೆ ತಿಳಿಯದೆ ಪಟ್ಟ ಗುಮಾನಿ ಕನಿಕರವನ್ನೂ ಕೆಡಿಸಿತು. ಮನುಷ್ಯರ ವಿಷಯದಲ್ಲೂ ನಾವು ಹೀಗೆಯೇ ಮಾಡುತ್ತೇವಲ್ಲವೇ? ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗಿ ರಾತ್ರಿ ಮನೆ ಸೇರುವ ತಾಯಿಯನ್ನು ಕಂಡು, "ಮಕ್ಕಳ ಮೇಲೆ ಕರುಣೆಯೇ ಇಲ್ಲ" ಎನ್ನುತ್ತೇವೆ. ದುಡಿದ ಹಣದಲ್ಲಿ ಅವಳು ಯಾರ ಹೊಟ್ಟೆ ತುಂಬಿಸುತ್ತಾಳೆ ಎಂದು ಕೇಳುವುದಿಲ್ಲ. ಗುಮಾನಿಯಿಂದ ದೂರವಿರಿ ಎಂದು ಸೂರಃ ಹುಜುರಾತ್‌ನ 12ನೇ ಆಯತ್ ನಮ್ಮನ್ನು ಎಚ್ಚರಿಸುತ್ತದೆ.

ನಾವು ಆ ಮಗುವಿಗೆ ಇಷ್ಟೇ ಹೇಳಿದೆವು: "ತಾಯಿ ರಾತ್ರಿ ಬರುತ್ತಿತ್ತು ಮಗಾ, ನಾವು ಕಾಯಲಿಲ್ಲ."

ಕಾಣದ್ದರ ಬಗ್ಗೆ ತೀರ್ಪು ಕೊಡುವ ಮುನ್ನ ಕಾಯುವ ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.